ಮೀಟರ್ ಹತ್ತಿರ ಹೋಗೋಣ ಬನ್ನಿ

ಯುಗಾದಿ ಮುಗಿದು ಹದಿನೈದು ದಿನ ಕಳೆದರೆ ಸಾಕು, ನಮ್ಮ ದಾವಣಗೆರೆಯಲ್ಲಿ ಬಾಡಿಗೆಗೆ ಮನೆ ಕೊಟ್ಟವರ ಬಾಗಿಲು ಬಡಿಯುವ ಕಾಲ ಬಂತು ಅಂತಲೇ ಲೆಕ್ಕ. ಬಾಗಿಲು ತೆಗೆದರೆ ಎದುರಿಗೆ ಬಾಡಿಗೆದಾರರು. ಕೈಯಲ್ಲಿ ಉದ್ದನೆಯ ಬಿಲ್ಲಿನ ಚೀಟಿ. "ಏನ್ರೀ ಆಂಟಿ, ಇಷ್ಟು ಬಂದೈತಲ್ರೀ ಕರೆಂಟ್ ಬಿಲ್ಲು? ನಾವೇನು ಹಿಟ್ಟಿನ ಗಿರಣಿ ಇಟ್ಟೀವೇನು?" ಮಾರ್ಚ್‌ವರೆಗೂ ಸೊನ್ನೆ ಬಿಲ್ಲು ನೋಡಿ ನೋಡಿ ರೂಢಿಯಾದ ಕಣ್ಣಿಗೆ ಏಪ್ರಿಲ್ ಬಿಲ್ಲಿನ ಮೊತ್ತ ಕಂಡರೆ ಯಾರಿಗಾದರೂ ಹೊಟ್ಟೆ ಚುರ್ ಅನ್ನುತ್ತದೆ. ಅವರು ಕೇಳಿಕೊಂಡು ಬರುವುದು ತಪ್ಪಲ್ಲ. ನಾವು ಕೊಡುವ ಉತ್ತರದ ಮೇಲೆ ಆ ಮನೆಯ ಮುಂದಿನ ವರ್ಷದ ಸೌಹಾರ್ದ ನಿಂತಿರುತ್ತದೆ.

ಪಕ್ಕದ ಮನೆ ಅಕ್ಕನಿಗೂ ನನಗೂ ನಡುವೆ ಇರುವುದು ಎದೆಮಟ್ಟದ ಕಾಂಪೌಂಡ್ ಗೋಡೆ. ಬಿಸಿಲು ಇಳಿದ ಮೇಲೆ ಆಕೆ ದಾಸವಾಳಕ್ಕೆ ನೀರು ಹಾಕುತ್ತಾ ಆ ಕಡೆ, ನಾನು ಒಣಗಿದ ಬಟ್ಟೆ ಎತ್ತುತ್ತಾ ಈ ಕಡೆ. ಬೇಸಿಗೆ ಪೂರ್ತಿ ನಮ್ಮ ಮಾತು ಮೆಣಸಿನಕಾಯಿ, ಹಪ್ಪಳ, ಮಕ್ಕಳ ರಜೆ ಎಲ್ಲ ಸುತ್ತಿ ಕೊನೆಗೆ ಕರೆಂಟ್ ಬಿಲ್ಲಿಗೇ ಬಂದು ನಿಲ್ಲುತ್ತದೆ. ಆಕೆಯದು ಮೂರು ಬಾಡಿಗೆ ಮನೆ, ನನ್ನದು ಎರಡು. "ಬಳಸೀರಿ, ಕಟ್ರಿ ಅಂತ ಹೇಳಿ ಕಳಿಸಿದೆ ನೋಡು. ಮೀಟರ್ ಏನು ನಾನು ತಿರುಗಿಸ್ತೀನೇನು?" ಅಂದಳು ಮೊನ್ನೆ. ಅಕ್ಕನ ಮೇಲೆ ನನಗೆ ಬಹಳ ಗೌರವ. ಆದರೆ ಈ ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. "ಬಳಸೀರಿ, ಕಟ್ರಿ" ಅನ್ನುವುದು ಉತ್ತರ ಅಲ್ಲ, ಬಾಗಿಲು ಹಾಕಿದ ಹಾಗೆ. ಬಾಗಿಲು ಹಾಕಿದ ಮೇಲೆ ಆ ಕಡೆ ನಿಂತವರು ಏನು ಅಂದುಕೊಳ್ಳುತ್ತಾರೆ? ಮಾಲೀಕರು ಪಂಪಿನ ವೈರು ನಮ್ಮ ಮೀಟರಿಗೆ ಕೊಟ್ಟಿದ್ದಾರೆ, ಸಬ್ ಮೀಟರಿನಲ್ಲಿ ಏನೋ ಮಾಡಿದ್ದಾರೆ, ನಮ್ಮ ದುಡ್ಡು ತಿನ್ನುತ್ತಿದ್ದಾರೆ ಅಂತಲೇ. ಬೇಸರದ ಸಂಗತಿ ಅಂದರೆ ಕೆಲವು ಮನೆಗಳಲ್ಲಿ ಅದು ನಿಜವೂ ಆಗಿರುತ್ತದೆ.

ನಾನು ಹೇಳುವುದು ಇಷ್ಟೇ. ಬಿಲ್ಲು ಹಿಡಿದು ಬಂದವರಿಗೆ ಬಾಯಿಂದ ಉತ್ತರ ಕೊಡಬೇಡಿ. ಚಪ್ಪಲಿ ಹಾಕಿಕೊಳ್ಳಿ, ಅವರನ್ನೂ ಕರೆದುಕೊಂಡು ಮೀಟರ್ ಹತ್ತಿರ ಹೋಗಿ.

ಮೊದಲು ಬಿಲ್ಲಿನ ಮೇಲಿನ ಆರ್.ಆರ್. ನಂಬರಿಗೂ (ಸಂಪರ್ಕದ ಗುರುತಿನ ಸಂಖ್ಯೆ) ಮೀಟರ್ ಪೆಟ್ಟಿಗೆ ಮೇಲೆ ಬರೆದ ನಂಬರಿಗೂ ತಾಳೆ ಇದೆಯಾ ನೋಡಬೇಕು. ಒಂದೇ ಗೋಡೆಯಲ್ಲಿ ನಾಲ್ಕು ಮೀಟರ್ ಸಾಲಾಗಿ ಕೂತಿರುವ ಕಡೆ ಕೆಳಗಿನವರ ಬಿಲ್ಲು ಮೇಲಿನವರು, ಮೇಲಿನವರದ್ದು ಹಿಂದಿನ ಮನೆಯವರು ವರ್ಷಗಟ್ಟಲೆ ಕಟ್ಟಿಕೊಂಡು ಬಂದ ಉದಾಹರಣೆ ಬೇಕಾದಷ್ಟಿವೆ. ಚಳಿಗಾಲದಲ್ಲಿ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಇರುವುದರಿಂದ ಯಾರ ಗಮನಕ್ಕೂ ಬಂದಿರುವುದಿಲ್ಲ. ಒಬ್ಬರ ಮನೆಗೆ ಏಸಿ ಬಂದಾಗಲೇ ಬಯಲಾಗುವುದು. ಆಮೇಲೆ ಬಿಲ್ಲಿನಲ್ಲಿರುವ ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡರ ತಾರೀಖು. ಮೂವತ್ತು ದಿನದ ಬಿಲ್ಲೋ ಮೂವತ್ತನಾಲ್ಕು ದಿನದ್ದೋ ಎಣಿಸಿ. ರಜೆಗೆ ಊರಿಗೆ ಹೋಗಿ ಗೇಟಿಗೆ ಬೀಗ ಹಾಕಿದ್ದರೆ ಸರಾಸರಿ ಬಿಲ್ಲು ಕೊಟ್ಟು ಹೋಗಿರುತ್ತಾರೆ, ಮುಂದಿನ ತಿಂಗಳು ನಿಜವಾದ ರೀಡಿಂಗ್ ಸಿಕ್ಕಾಗ ಬಾಕಿ ಯೂನಿಟ್ಟೆಲ್ಲ ಒಟ್ಟಿಗೆ ಬಂದು ಕೂರುತ್ತದೆ. ಅರ್ಧ ತಕರಾರು ಇಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಮೀಟರಿನ ಮುಂದೆ ಒಂದೈದು ನಿಮಿಷ ನಿಲ್ಲಬೇಕು. ಈಗಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣಕ್ ಮಿಣಕ್ ಅನ್ನುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಸಲ ಮಿಣುಕಬೇಕು ಅನ್ನುವುದನ್ನು ಮೀಟರಿನ ಮೇಲೆಯೇ ಅಚ್ಚು ಹಾಕಿರುತ್ತಾರೆ, 1600 ಅಂತಲೋ 3200 ಅಂತಲೋ. ಮನೆಯೊಳಗೆ ಎಲ್ಲ ಆರಿಸಿದರೆ ಈ ಮಿಣುಕು ನಿಲ್ಲಬೇಕು. ಒಂದು ಫ್ಯಾನ್ ಹಾಕಿದರೆ ನಿಧಾನಕ್ಕೆ, ಗೀಸರ್ ಹಾಕಿದರೆ ಪಟಪಟ ಅಂತ. ನಾಲ್ಕು ವರ್ಷದ ಮಗುವಿಗೂ ಅರ್ಥವಾಗುವ ಪಾಠ ಇದು. ನಮ್ಮ ಮೇಲಿನ ಮನೆಯಲ್ಲಿರುವ ಡೆಂಟಲ್ ಓದುವ ಹುಡುಗಿಯರಿಗೆ ಇದನ್ನು ತೋರಿಸಿದಾಗ ಒಬ್ಬಳು ಮೇಲೆ ಹೋಗಿ ಒಂದೊಂದೇ ಸ್ವಿಚ್ ಹಾಕುವುದು, ಇನ್ನೊಬ್ಬಳು ಕೆಳಗೆ ನಿಂತು "ಜೋರಾಯ್ತು, ಜೋರಾಯ್ತು" ಅಂತ ಕೂಗುವುದು. ಸಂಜೆ ಪೂರ್ತಿ ಅದೇ ಆಟ. ಅವತ್ತಿನಿಂದ ಆ ಮನೆಯಿಂದ ಬಿಲ್ಲಿನ ತಕರಾರು ಬಂದಿಲ್ಲ, ಗೀಸರ್ ಮರೆತು ಹೋಗುವುದೂ ನಿಂತಿದೆ.

ಅಕ್ಕನ ಮನೆಯಲ್ಲಿ ಇದೇ ಪುಟ್ಟ ದೀಪ ಬೇರೆಯೇ ಕಥೆ ಹೇಳಿತು. ಆಕೆಯ ಕೆಳಗಿನ ಮನೆಯಲ್ಲಿರುವವರು ಒಬ್ಬ ಅಜ್ಜ, ಒಬ್ಬ ಅಜ್ಜಿ. ಒಂದು ಟಿವಿ, ಒಂದು ಫ್ರಿಜ್ಜು, ಎರಡು ಫ್ಯಾನು, ಅಷ್ಟೇ ಅವರ ಸಂಸಾರ. ಅಜ್ಜ ಬೆಳಿಗ್ಗೆ ಐದಕ್ಕೆ ಎದ್ದು ಒಲೆಯಲ್ಲಿ ನೀರು ಕಾಯಿಸುವವರು, ಗೀಸರ್ ಮುಟ್ಟುವವರಲ್ಲ. ಅವರ ಬಿಲ್ಲು ಏಪ್ರಿಲ್‌ನಲ್ಲಿ ಹತ್ತಿರ ಹತ್ತಿರ ಎರಡರಷ್ಟಾಗಿತ್ತು. ಅಕ್ಕ ಹೇಳಿದ್ದು ಅದೇ ಮಾತು, ಬಳಸೀರಿ, ಕಟ್ರಿ. ಅಜ್ಜ ಮರುಮಾತಾಡದೆ ಕಟ್ಟಿದರು. ಆದರೆ ಮುಖ ಸಣ್ಣದಾಗಿತ್ತು. ಗೋಡೆಯ ಈ ಕಡೆಯಿಂದ ನನಗೆ ಅದು ಕಾಣುತ್ತಿತ್ತು.

"ಅಕ್ಕಾ, ಒಂದ್ಸಲ ಮೀಟರ್ ನೋಡೋಣ ಬಾ" ಅಂದೆ. ಅಜ್ಜ ಒಳಗಿನ ಎಂಸಿಬಿ ಎಲ್ಲ ಕೆಳಗಿಳಿಸಿದರು. ಮನೆ ಕತ್ತಲಾಯಿತು. ಫ್ರಿಜ್ಜಿನ ಗುಂಯ್ ಅನ್ನುವ ಸದ್ದೂ ನಿಂತಿತು. ಮೀಟರಿನ ಕೆಂಪು ದೀಪ ಮಾತ್ರ ಮಿಣುಕುತ್ತಲೇ ಇತ್ತು. ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಮೇಲಿನ ಮನೆಯಲ್ಲಿ ಹೊಸದಾಗಿ ಏಸಿ ಹಾಕಿಸಿಕೊಂಡ ಹುಡುಗ ಇದ್ದ. ಅವನನ್ನು ಕೂಗಿ ಏಸಿ ಆರಿಸಲು ಹೇಳಿದೆವು. ಸ್ವಲ್ಪ ಹೊತ್ತಿಗೆ ಅಜ್ಜನ ಮೀಟರಿನ ದೀಪ ತಣ್ಣಗಾಯಿತು. ಮತ್ತೆ ಹಾಕಿಸಿದೆವು. ಮತ್ತೆ ಮಿಣಕ್ ಮಿಣಕ್.

ಮಾರನೆಯ ದಿನ ಬಂದ ಎಲೆಕ್ಟ್ರಿಷಿಯನ್ ಜಂಕ್ಷನ್ ಬಾಕ್ಸ್ ಬಿಚ್ಚಿ ತೋರಿಸಿದ. ಮೇಲಿನ ಕೋಣೆಗೆ ವೈರಿಂಗ್ ಮಾಡುವಾಗ ಯಾರೋ ಎರಡು ಮನೆಯ ನ್ಯೂಟ್ರಲ್ ತಂತಿಗಳನ್ನು ಒಟ್ಟಿಗೆ ಹೊಸೆದು ಟೇಪು ಸುತ್ತಿದ್ದರು. ಕರೆಂಟು ಫೇಸ್ ತಂತಿಯಲ್ಲಿ ಒಳಗೆ ಬಂದು ನ್ಯೂಟ್ರಲ್ ತಂತಿಯಲ್ಲಿ ವಾಪಸ್ ಹೋಗಬೇಕು. ಒಂದು ಮನೆಯದ್ದು ಅದೇ ಮನೆಯ ಮೀಟರಿನಿಂದಲೇ ಹೋಗಬೇಕು. ಇಲ್ಲಿ ಮೇಲಿನ ಏಸಿಯ ಕರೆಂಟು ಮೇಲಿನ ಮೀಟರಿನಿಂದ ಬಂದು, ವಾಪಸ್ ಹೋಗುವಾಗ ಎರಡು ದಾರಿ ಸಿಕ್ಕಿದ್ದರಿಂದ ಒಂದಷ್ಟು ಅಜ್ಜನ ಮೀಟರಿನ ನ್ಯೂಟ್ರಲ್‌ನಲ್ಲಿ ಹೋಗುತ್ತಿತ್ತು. ಕಳ್ಳತನ ತಡೆಯಲಿ ಅಂತ ಈಗಿನ ಮೀಟರುಗಳು ಫೇಸ್, ನ್ಯೂಟ್ರಲ್ ಎರಡನ್ನೂ ಅಳೆದು, ಯಾವುದರಲ್ಲಿ ಹೆಚ್ಚು ಹರಿಯುತ್ತದೋ ಅದನ್ನೇ ಲೆಕ್ಕ ಹಿಡಿಯುತ್ತವೆ. ಹಾಗಾಗಿ ಹುಡುಗನ ಮೀಟರಿನಲ್ಲಿ ಅವನ ಏಸಿ ಪೂರ್ತಿ ಬಂತು, ಅಜ್ಜನ ಮೀಟರಿನಲ್ಲಿ ಅದರ ಪಾಲು ಮತ್ತೊಮ್ಮೆ ಬಂತು. ಅದೇ ಕರೆಂಟಿಗೆ ಎರಡು ಕಡೆ ಬಿಲ್ಲು! ಮೀಟರಿನದ್ದು ತಪ್ಪಿಲ್ಲ, ಅಜ್ಜನದ್ದು ತಪ್ಪಿಲ್ಲ, ಏಸಿ ಹಾಕಿಸಿಕೊಂಡ ಹುಡುಗನದ್ದಂತೂ ಏನೂ ಇಲ್ಲ. ಗೋಡೆಯೊಳಗಿನ ಒಂದು ಗಂಟು ಇಷ್ಟೆಲ್ಲ ಮಾಡಿತ್ತು.

ಎಲೆಕ್ಟ್ರಿಷಿಯನ್ ಎರಡು ನ್ಯೂಟ್ರಲ್ ಬೇರೆ ಮಾಡಿ ಕೊಟ್ಟ. ಅಕ್ಕ ದೊಡ್ಡ ಮನಸ್ಸಿನವಳು. ಅಜ್ಜ ಹೆಚ್ಚಿಗೆ ಕಟ್ಟಿದ್ದನ್ನು ಮುಂದಿನ ಬಾಡಿಗೆಯಲ್ಲಿ ಕಳೆದಳು. ಒಂದೇ ಕಟ್ಟಡದಲ್ಲಿ ಎರಡು ಮೂರು ಮನೆ ಮಾಡಿ, ವರ್ಷಕ್ಕೊಂದು ಕೋಣೆ ಏರಿಸುತ್ತಾ ಹೋದ ಎಲ್ಲ ಮಾಲೀಕರೂ ಈ ಪರೀಕ್ಷೆಯನ್ನು ಮಾಡಿಸಲೇಬೇಕು. ಕೆಲವು ಮೀಟರುಗಳಲ್ಲಿ 'ಅರ್ಥ್' ಅಂತ ಬರೆದ ಇನ್ನೊಂದು ದೀಪ ಇರುತ್ತದೆ. ಅದು ಉರಿಯುತ್ತಿದ್ದರೆ ಎಲ್ಲೋ ಹೀಗೆ ನ್ಯೂಟ್ರಲ್ ಸೇರಿಕೊಂಡಿದೆ, ಇಲ್ಲವೇ ಕರೆಂಟು ಭೂಮಿಗೆ ಸೋರುತ್ತಿದೆ ಅಂತ. ಸೋರುವುದು ಬಿಲ್ಲಿಗಷ್ಟೇ ಅಲ್ಲ, ಜೀವಕ್ಕೂ ಅಪಾಯ. ಅವತ್ತೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ.

ಪಂಪಿನ ವಿಷಯಕ್ಕೆ ಬಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಸಂಪಿನಿಂದ ಮೇಲಿನ ಟ್ಯಾಂಕಿಗೆ ಏರಿಸುವ ಒಂದು ಎಚ್‌ಪಿ ಮೋಟರು ಗಂಟೆಗೆ ಮುಕ್ಕಾಲು ಯೂನಿಟ್ಟಿಗಿಂತ ಹೆಚ್ಚೇ ಎಳೆಯುತ್ತದೆ. ಬೇಸಿಗೆಯಲ್ಲಿ ಎಲ್ಲರೂ ಎರಡು ಸಲ ಸ್ನಾನ, ಕೂಲರಿಗೆ ನೀರು, ಅಂಗಳಕ್ಕೆ ನೀರು. ಬೋರಿನಿಂದ ನೇರ ಏರಿಸುವ ಕಡೆ ನೀರು ಕೆಳಗೆ ಹೋದರಂತೂ ಅದೇ ಟ್ಯಾಂಕು ತುಂಬಲು ಇನ್ನೂ ಹೆಚ್ಚು ಹೊತ್ತು. ಈ ಮೋಟರನ್ನು ನೆಲಮಹಡಿಯ ಬಾಡಿಗೆದಾರರ ಮೀಟರಿಗೆ ಕೊಟ್ಟು, "ಸ್ವಿಚ್ ನಿಮ್ಮ ಹತ್ರಾನೇ ಐತಲ್ಲ, ಅನುಕೂಲ" ಅನ್ನುವ ಮಾಲೀಕರನ್ನು ನಾನು ನೋಡಿದ್ದೇನೆ. ಮೂರು ಮನೆಯ ನೀರಿಗೆ ಒಬ್ಬರು ಕರೆಂಟು ಕಟ್ಟುವುದು ಯಾವ ನ್ಯಾಯ? ಮೆಟ್ಟಿಲಿನ ದೀಪ, ಗೇಟಿನ ದೀಪ, ಮೋಟರು ಇವೆಲ್ಲ ಮಾಲೀಕರ ಮೀಟರಿನಲ್ಲಿರಬೇಕು. ಇಲ್ಲವಾದರೆ ಬೇರೆ ಮೀಟರ್ ಹಾಕಿಸಿ ಎಲ್ಲರಿಗೂ ಹಂಚಬೇಕು. ಇದರಲ್ಲಿ ಎರಡನೇ ಮಾತಿಲ್ಲ.

ಇನ್ನು ರಾಜ್ಯ ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿ. ಬೇಸಿಗೆಯ ತಕರಾರಿನಲ್ಲಿ ಹೆಚ್ಚಿನ ಪಾಲು ಇದನ್ನು ಸರಿಯಾಗಿ ಬಿಡಿಸಿ ಹೇಳದೇ ಇರುವುದರಿಂದ ಹುಟ್ಟುವುದು. "ಇನ್ನೂರು ಯೂನಿಟ್ ಫ್ರೀ ಅಲ್ಲೇನ್ರೀ, ನಮ್ಮದು ನೂರಾಎಪ್ಪತ್ತಕ್ಕೇ ಬಿಲ್ಲು ಬಂದೈತಿ" ಅಂತ ಬರುತ್ತಾರೆ. 2023ರ ಜುಲೈ ಬಳಕೆಗೆ, ಅಂದರೆ ಆಗಸ್ಟ್ ಬಿಲ್ಲಿನಿಂದ ಶುರುವಾದ ಈ ಯೋಜನೆಯಲ್ಲಿ ಎಲ್ಲರಿಗೂ ಇನ್ನೂರು ಉಚಿತ ಅಲ್ಲ. ಆ ಆರ್.ಆರ್. ನಂಬರಿನಲ್ಲಿ 2022-23ರಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಬಳಕೆಯಾಗಿತ್ತೋ ಅದಕ್ಕೆ ಸಾಮಾನ್ಯವಾಗಿ ಶೇ 10 ಸೇರಿಸಿದರೆ ಬರುವಷ್ಟು ಮಾತ್ರ ಉಚಿತ. ಸರಾಸರಿ 110 ಇದ್ದ ಮನೆಗೆ 121. ಅದನ್ನು ದಾಟಿ ಇನ್ನೂರರ ಒಳಗಿದ್ದರೆ ದಾಟಿದ ಯೂನಿಟ್ಟಿಗಷ್ಟೇ ದುಡ್ಡು. ಇನ್ನೂರು ದಾಟಿದರೆ ಆ ತಿಂಗಳು ಉಚಿತವೇ ಇಲ್ಲ, ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್ಲು.

ಈ ಕೊನೆಯ ಸಾಲೇ ಏಪ್ರಿಲ್, ಮೇ ತಿಂಗಳಲ್ಲಿ ಮನೆ ಮನೆಯಲ್ಲೂ ಜಗಳ ತರುವುದು. 2025-26ರ ದರದ ಪ್ರಕಾರ ಮನೆ ಬಳಕೆಗೆ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಮಂಜೂರಾದ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ ನಿಗದಿತ ಶುಲ್ಕ, ನೌಕರರ ಪಿಂಚಣಿ-ಗ್ರಾಚ್ಯುಟಿ ಬಾಬ್ತು ಯೂನಿಟ್ಟಿಗೆ 36 ಪೈಸೆ, ಮೇಲೆ ಶೇ 9 ತೆರಿಗೆ ಇತ್ತು. 121 ಉಚಿತ ಇರುವ, ಎರಡು ಕಿಲೋವ್ಯಾಟಿನ ಆ ಮನೆಯನ್ನೇ ತೆಗೆದುಕೊಳ್ಳಿ. ತಿಂಗಳಿಗೆ 199 ಯೂನಿಟ್ ಆದರೆ 78 ಯೂನಿಟ್ಟಿಗೆ ಐನೂರು ರೂಪಾಯಿ ಆಸುಪಾಸು. ಅದೇ 206 ಆದರೆ ಬಿಲ್ಲು ಸಾವಿರದ ಆರುನೂರು ದಾಟುತ್ತದೆ. ಏಳು ಯೂನಿಟ್ಟಿಗೆ ಸಾವಿರ ರೂಪಾಯಿ! ಏಳು ಯೂನಿಟ್ಟು ಅಂದರೆ ಒಂದು ರಾತ್ರಿ ಏಸಿ ಹಾಕಿಕೊಂಡು ಮಲಗಿದ್ದು. ಇದನ್ನು ಪೆನ್ನು ಹಿಡಿದು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದರೆ ಎಂಥ ಸಿಟ್ಟಿನವರೂ ತಣ್ಣಗಾಗುತ್ತಾರೆ. ಬಿಲ್ಲಿನ ತಾರೀಖಿನಿಂದ ಇಪ್ಪತ್ತನೇ ದಿನ ಒಮ್ಮೆ ಮೀಟರ್ ನೋಡಿಕೊಳ್ಳಿ, ಬಳಕೆ ನೂರಾನಲವತ್ತರ ಹತ್ತಿರ ಬಂದಿದ್ದರೆ ಉಳಿದ ಹತ್ತು ದಿನ ಕೈ ಬಿಗಿ ಹಿಡಿಯಿರಿ ಅಂತ ಹೇಳಿ. ನಮ್ಮ ಕೆಳಗಿನ ಮನೆಯ ತಾಯಿ ಈಗ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಮೀಟರಿನ ಅಂಕಿ ಬರೆದಿಡುತ್ತಾಳೆ.

ಇನ್ನೊಂದು ವಿಷಯ ಬಾಡಿಗೆದಾರರಿಗೆ ಬಹಳ ನೋವು ಕೊಡುವಂಥದ್ದು. ಸರಾಸರಿ ಹಿಡಿಯುವುದು ಮನೆಯ ಮೀಟರಿನ ಮೇಲೆ. 2022-23ರಲ್ಲಿ ಆ ಮನೆಯಲ್ಲಿ ಒಬ್ಬನೇ ಬ್ಯಾಚುಲರ್ ಇದ್ದು, ಹೋಟೆಲಿನಲ್ಲಿ ಉಂಡು, ಮನೆಗೆ ಬರೀ ಮಲಗಲು ಬರುತ್ತಿದ್ದರೆ ಆ ಮೀಟರಿನ ಸರಾಸರಿ ಕಡಿಮೆ. ಈಗ ಐದು ಜನರ ಸಂಸಾರ ಬಂದರೂ ಉಚಿತ ಅಷ್ಟೇ. ಆ ವರ್ಷದ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಶೇ 10 ಸೇರಿಸಿ 58 ಕೊಟ್ಟರು. ಹೊಸ ಮನೆಗೆ ಬಾಡಿಗೆಗೆ ಬಂದವರಿಗೆ ಇದನ್ನು ಮಾಲೀಕರು ಮೊದಲೇ ಹೇಳಬೇಕು. ಬೀಗದ ಕೈ ಕೊಡುವ ದಿನವೇ, "ಈ ಮೀಟರಿಗೆ ಇಷ್ಟು ಉಚಿತ ಇದೆ" ಅಂತ ಹಳೆಯ ಬಿಲ್ಲು ತೋರಿಸಿಬಿಟ್ಟರೆ ಏಪ್ರಿಲ್‌ನಲ್ಲಿ ಬಾಗಿಲು ಬಡಿಯುವುದು ತಪ್ಪುತ್ತದೆ. ಹಾಗೆಯೇ ಮನೆ ಬಿಡುವವರು ತಮ್ಮ ಆಧಾರ್ ಜೋಡಣೆಯನ್ನು ಆ ಆರ್.ಆರ್. ನಂಬರಿನಿಂದ ಬಿಡಿಸಿ ಹೋಗಬೇಕು. ಆ ಸೌಲಭ್ಯ 2024ರ ಆಗಸ್ಟ್‌ನಿಂದ ಇದೆ. ಬಿಡಿಸದೆ ಹೋದರೆ ಹೊಸ ಮನೆಯಲ್ಲಿ ಅವರಿಗೆ ಉಚಿತ ಸಿಗುವುದಿಲ್ಲ.

"ಅದಿರಲಿ, ಈ ಹೆಚ್ಚುವರಿ ಡಿಪಾಸಿಟ್ ಅಂತ ಬರ್ತದಲ್ಲ, ಅದನ್ನ ಯಾರು ಕಟ್ಟಬೇಕು?" ಅಂದಳು ಅಕ್ಕ. ಒಳ್ಳೆಯ ಪ್ರಶ್ನೆ. ವರ್ಷಕ್ಕೊಮ್ಮೆ ಬಳಕೆಯ ಲೆಕ್ಕ ಹಾಕಿ ಎರಡು ತಿಂಗಳ ಬಿಲ್ಲಿನಷ್ಟು ಭದ್ರತಾ ಠೇವಣಿ ಇರಬೇಕು ಅಂತ ವ್ಯತ್ಯಾಸದ ಮೊತ್ತ ಕೇಳುತ್ತಾರೆ. ಬೇಸಿಗೆಯ ಹೆಚ್ಚಿನ ಬಿಲ್ಲಿನ ಜೊತೆಗೆ ಅದೂ ಬಂದರೆ ಬಾಡಿಗೆದಾರರಿಗೆ ಎರಡೂ ಒಂದೇ ಅನ್ನಿಸುತ್ತದೆ. ಆ ಠೇವಣಿ ಸಂಪರ್ಕ ಯಾರ ಹೆಸರಿನಲ್ಲಿದೆಯೋ ಅವರ ದುಡ್ಡು. ಅದಕ್ಕೆ ಬಡ್ಡಿಯೂ ಬರುತ್ತದೆ, ಬಡ್ಡಿ ಬಿಲ್ಲಿನಲ್ಲೇ ಜಮೆಯಾಗುತ್ತದೆ. ಮೀಟರು ನಮ್ಮ ಹೆಸರಿನಲ್ಲಿದ್ದ ಮೇಲೆ ಠೇವಣಿ ನಾವೇ ಕಟ್ಟಬೇಕು. ಬಾಡಿಗೆದಾರರ ಕೈಲಿ ಕಟ್ಟಿಸಿ, ಅವರು ಮನೆ ಬಿಟ್ಟಾಗ ವಾಪಸ್ ಕೊಡದೆ ಸುಮ್ಮನಿರುವುದು ನನ್ನ ಲೆಕ್ಕದಲ್ಲಿ ಮೋಸ. ಅಕ್ಕ ತಲೆ ಆಡಿಸಿದಳು.

ಇಷ್ಟೆಲ್ಲ ನೋಡಿದ ಮೇಲೂ ಬಿಲ್ಲು ಸರಿಯಾಗಿಯೇ ಇದ್ದರೆ, ಹೆಚ್ಚು ಬಳಕೆಯಾಗಿದೆ ಅಂತಲೇ ಅರ್ಥ. ಆದರೆ ಯಾಕೆ ಹೆಚ್ಚಾಯಿತು ಅನ್ನುವುದನ್ನು ಕೂತು ಹೇಳುವವರು ಬೇಕು. ಹಳೆಯ ಸೀಲಿಂಗ್ ಫ್ಯಾನು 75 ವ್ಯಾಟಿನದು. ಬೇಸಿಗೆಯಲ್ಲಿ ದಿನಕ್ಕೆ ಇಪ್ಪತ್ತು ಗಂಟೆ ತಿರುಗಿದರೆ ಒಂದೂವರೆ ಯೂನಿಟ್ಟು, ತಿಂಗಳಿಗೆ ನಲವತ್ತೈದು. ಮೂರು ಫ್ಯಾನಿದ್ದರೆ ನೂರಾಮೂವತ್ತೈದು. "ಬರೀ ಫ್ಯಾನು ಹಾಕಿದ್ದು ಆಂಟಿ" ಅನ್ನುವವರಿಗೆ ಇದು ಗೊತ್ತಿರುವುದೇ ಇಲ್ಲ. ಅದೇ ಬಿಎಲ್‌ಡಿಸಿ ಫ್ಯಾನಾದರೆ 30 ವ್ಯಾಟ್ ಆಸುಪಾಸು, ಒಂದಕ್ಕೆ ತಿಂಗಳಿಗೆ ಹದಿನೆಂಟು ಯೂನಿಟ್ಟು. ಕೂಲರು ಸಣ್ಣದಾದರೆ ಪರವಾಗಿಲ್ಲ. ಫ್ರಿಜ್ಜನ್ನು ಗೋಡೆಗೆ ಅಂಟಿಸಿ, ಒಲೆಯ ಪಕ್ಕ ಇಟ್ಟು, ಬಾಗಿಲ ರಬ್ಬರು ಸಡಿಲವಾಗಿದ್ದರೆ ಅದು ಹಗಲು ರಾತ್ರಿ ಓಡುತ್ತಲೇ ಇರುತ್ತದೆ. ಒಂದೂವರೆ ಟನ್ನಿನ ಏಸಿ ಕಂಪ್ರೆಸರ್ ಓಡುವಾಗ ಗಂಟೆಗೆ ಹತ್ತಿರ ಹತ್ತಿರ ಒಂದೂವರೆ ಯೂನಿಟ್ಟು ಎಳೆಯುತ್ತದೆ. ದಿನಾ ರಾತ್ರಿ ಪೂರ್ತಿ 18ಕ್ಕೆ ಇಟ್ಟು ಮಲಗಿದರೆ ಅದೊಂದೇ ಇನ್ನೂರರ ಗೆರೆ ದಾಟಿಸುತ್ತದೆ. 2020ರ ಜನವರಿಯಿಂದ ಮಾರಾಟಕ್ಕೆ ಬರುವ ಕೋಣೆಯ ಏಸಿಗಳು ಹಾಕಿದ ಕೂಡಲೇ 24ಕ್ಕೆ ನಿಲ್ಲುವ ಹಾಗೆ ಇರಬೇಕು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಒಂದೊಂದು ಡಿಗ್ರಿ ಮೇಲೆ ಇಟ್ಟ ಹಾಗೂ ಸುಮಾರು ಶೇ 6 ಕರೆಂಟು ಉಳಿಯುತ್ತದೆ ಅನ್ನುವುದು ಅದರ ಹಿಂದಿನ ಲೆಕ್ಕ. 26ಕ್ಕೆ ಇಟ್ಟು ಮೇಲೆ ಫ್ಯಾನು ಹಾಕಿಕೊಂಡರೆ ನಮ್ಮ ಊರಿನ ಸೆಕೆಗೆ ಬೇಕಾದಷ್ಟು.

ಹಾಗಂತ ಎಲ್ಲ ಬುದ್ಧಿಮಾತೂ ಬಾಡಿಗೆದಾರರಿಗೇ ಹೇಳಿ ನಾವು ಕೈ ತೊಳೆದುಕೊಳ್ಳಬಾರದು. ಅವರು ಅಷ್ಟು ಹೊತ್ತು ಫ್ಯಾನು, ಕೂಲರು, ಏಸಿ ಹಾಕುವುದು ನಾವು ಕಟ್ಟಿಸಿದ ಮನೆಯ ಬಿಸಿಗೆ. ಮೇಲ್ಮಹಡಿಯ ಆರ್‌ಸಿಸಿ ತಾರಸಿ ಏಪ್ರಿಲ್ ಬಿಸಿಲಿನಲ್ಲಿ ಇಡೀ ಹಗಲು ಕಾದು, ರಾತ್ರಿ ಹನ್ನೆರಡಾದರೂ ಕೋಣೆಯೊಳಗೆ ಬಿಸಿ ಬಿಡುತ್ತಿರುತ್ತದೆ. ಗೋಡೆಗೆ ಕೈ ಇಟ್ಟರೆ ಗೊತ್ತಾಗುತ್ತದೆ. ಅಂಥ ಮನೆಯಲ್ಲಿ ಫ್ಯಾನು ತಿರುಗಿದರೂ ಬಿಸಿಗಾಳಿಯೇ. ನಮ್ಮ ಹಿರಿಯರು ಮಾಳಿಗೆ ಮನೆಯಲ್ಲಿ ಮಣ್ಣಿನ ಮಂದದಡಿ ಮಧ್ಯಾಹ್ನ ಹಾಯಾಗಿ ಮಲಗುತ್ತಿದ್ದರು. ನಾವು ಸಿಮೆಂಟು ಹಾಕಿ ಅದನ್ನು ಕಳೆದುಕೊಂಡೆವು. ಇದಕ್ಕೆ ದುಬಾರಿ ಉಪಾಯವೇನೂ ಬೇಕಿಲ್ಲ. ತಾರಸಿಗೆ ಬಿಳಿ ಸುಣ್ಣ ಅಥವಾ ಬಿಸಿಲು ತಿರುಗಿಸುವ ಬಿಳಿ ಬಣ್ಣ ಬಳಿಸಿದರೆ ಒಳಗಿನ ಬಿಸಿ ಕೆಲವು ಡಿಗ್ರಿ ಇಳಿಯುತ್ತದೆ. ಅಹಮದಾಬಾದಿನಲ್ಲಿ 2017ರಲ್ಲೇ ಬಡವರ ಮನೆಗಳ ಮೇಲೆ ಹೀಗೆ ಬಿಳಿ ಬಳಿಯುವ ಕೆಲಸ ಶುರುವಾಯಿತು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ತಾರಸಿಗೆ ಅಂತಲೇ ಒಂದು ನೀತಿ ತಂದಿತು. ನಾನು ಹೋದ ಫೆಬ್ರವರಿಯಲ್ಲಿ ನಮ್ಮ ತಾರಸಿಗೆ ಬಳಿಸಿದೆ. ಡೆಂಟಲ್ ಹುಡುಗಿಯರು ಕೂಲರ್ ತರುವ ಯೋಚನೆ ಬಿಟ್ಟರು. ಬಾಡಿಗೆ ತಗೊಳ್ಳುವವರ ಮೇಲೆ ಇಷ್ಟು ಹೊಣೆಯಾದರೂ ಇರಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ.

ಸಬ್ ಮೀಟರಿನ ಬಗ್ಗೆ ಒಂದು ಮಾತು. ಒಂದೇ ಮೇನ್ ಮೀಟರ್ ಇಟ್ಟು, ಒಳಗೆ ಸಬ್ ಮೀಟರ್ ಹಾಕಿ, ಯೂನಿಟ್ಟಿಗೆ ಹತ್ತು ರೂಪಾಯಿ, ಹನ್ನೆರಡು ರೂಪಾಯಿ ಅಂತ ವಸೂಲಿ ಮಾಡುವವರಿದ್ದಾರೆ. 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ವಿದ್ಯುತ್ ಮಾರುವ ಹಾಗಿಲ್ಲ. ಮನೆ ಬಾಡಿಗೆಗೆ ಕೊಡುವುದು ನಮ್ಮ ಹಕ್ಕು, ಕರೆಂಟಿನಲ್ಲಿ ಲಾಭ ಮಾಡುವುದು ಅಲ್ಲ. ಇದರಿಂದ ಬಾಡಿಗೆದಾರರಿಗೆ ಗೃಹಜ್ಯೋತಿಯೂ ಹೋಗುತ್ತದೆ, ಯಾಕೆಂದರೆ ಎಲ್ಲರ ಬಳಕೆ ಒಂದೇ ಮೀಟರಿನಲ್ಲಿ ಸೇರಿ ಇನ್ನೂರು ದಾಟಿಬಿಡುತ್ತದೆ. ಸಾಧ್ಯವಿದ್ದರೆ ಮನೆಗೊಂದು ಬೇರೆ ಆರ್.ಆರ್. ನಂಬರ್ ಮಾಡಿಸಿ. ಅಲ್ಲಿಯವರೆಗೆ ಮೇನ್ ಬಿಲ್ಲಿನ ಪ್ರತಿ ಕೈಗೆ ಕೊಟ್ಟು, ಸಬ್ ಮೀಟರಿನ ಯೂನಿಟ್ ಪ್ರಕಾರ ಇದ್ದಷ್ಟನ್ನೇ ಹಂಚಿ.

ಮನೆಯಲ್ಲಿ ಎಲ್ಲ ಸರಿ ಇದೆ, ಮೀಟರೇ ಓಡುತ್ತಿದೆ ಅನ್ನಿಸಿದರೆ? 1912ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ನಂಬರ್ ಬರೆದಿಟ್ಟುಕೊಳ್ಳಿ. ಉಪವಿಭಾಗದ ಕಚೇರಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿದರೆ ಮೀಟರ್ ಪರೀಕ್ಷೆ ಮಾಡುತ್ತಾರೆ. ಅಲ್ಲೂ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ ಇದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅರ್ಜಿ ಮಾಲೀಕರ ಹೆಸರಿನಲ್ಲೇ ಹೋಗಬೇಕಾಗುವುದರಿಂದ "ನೀವೇ ಹೋಗಿ ವಿಚಾರಿಸ್ಕೊಳ್ರಿ" ಅಂತ ಬಾಡಿಗೆದಾರರನ್ನು ಅಟ್ಟಿದರೆ ಕೆಲಸ ಆಗುವುದಿಲ್ಲ, ನಾವೇ ಜೊತೆಗೆ ಹೋಗಬೇಕು. ತಕರಾರು ಇದೆ ಅಂತ ಬಿಲ್ಲು ಕಟ್ಟದೇ ಕೂತರೆ ಹದಿನೈದು ದಿನದ ನೋಟಿಸು ಕೊಟ್ಟು ಸಂಪರ್ಕ ಕತ್ತರಿಸಬಹುದು. ಆದರೆ ಅದೇ ವಿದ್ಯುತ್ ಕಾಯ್ದೆಯ 56ನೇ ಕಲಮಿನಲ್ಲಿ ಒಂದು ಉಪಕಾರದ ಮಾತಿದೆ. ತಕರಾರನ್ನು ದಾಖಲಿಸಿ, ಕೇಳಿದ ಪೂರ್ತಿ ಮೊತ್ತವನ್ನೋ ಹಿಂದಿನ ಆರು ತಿಂಗಳ ಸರಾಸರಿ ಲೆಕ್ಕದ ಮೊತ್ತವನ್ನೋ, ಯಾವುದು ಕಡಿಮೆಯೋ ಅದನ್ನು ಕಟ್ಟಿದರೆ, ವ್ಯಾಜ್ಯ ತೀರುವವರೆಗೆ ಕರೆಂಟು ಕತ್ತರಿಸುವ ಹಾಗಿಲ್ಲ. ಬೇಸಿಗೆಯ ಬಿಲ್ಲಿಗೆ ಹೆದರಿ ಸಾಲ ಮಾಡಿ ಕಟ್ಟುವವರಿಗೆ ಇದು ಗೊತ್ತಿರಬೇಕು.

ಬಿಲ್ಲಿನ ಜಗಳ ಬಾಡಿಗೆ ಜಗಳಕ್ಕೆ ತಿರುಗಿ, ಮಾಲೀಕರು ಮೇನ್ ಸ್ವಿಚ್ಚಿನ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡು ಹೋಗುವುದೂ ಉಂಟು. ಏಪ್ರಿಲ್ ಸೆಕೆಯಲ್ಲಿ, ಒಳಗೆ ಕೂಸು ಇರುವ ಮನೆಗೆ! ವಿದ್ಯುತ್ ಮೂಲ ಸೌಕರ್ಯ, ಅದನ್ನು ಯಾರಿಗೂ ತಪ್ಪಿಸುವಂತಿಲ್ಲ, ಮಾಲೀಕರು ಒಪ್ಪಿಗೆ ಪತ್ರ ಕೊಡಲಿಲ್ಲ ಅಂತ ಬಾಡಿಗೆದಾರರಿಗೆ ಸಂಪರ್ಕ ನಿರಾಕರಿಸಲಾಗದು ಅಂತ 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಕೋರ್ಟು ಹೇಳದಿದ್ದರೂ ಇದು ಮನುಷ್ಯರು ಮಾಡುವ ಕೆಲಸ ಅಲ್ಲ. ಬಾಡಿಗೆ ಬಾಕಿ ಇದ್ದರೆ ಬಾಡಿಗೆ ಕೇಳಿ, ಕರೆಂಟಿಗೆ ಕೈ ಹಾಕಬೇಡಿ.

ಅಕ್ಕ ಮೊನ್ನೆ ತನ್ನ ಮೀಟರ್ ಪೆಟ್ಟಿಗೆಗೆ ಹಾಕಿದ್ದ ಬೀಗ ತೆಗೆದಳು. ಮಕ್ಕಳು ಕೈ ಹಾಕುತ್ತಾರೆ ಅಂತ ಹಾಕಿದ್ದ ಬೀಗ ಅದು. ಈಗ ಗಾಜಿನ ಕಿಂಡಿ ಇರುವ ಮುಚ್ಚಳ ಹಾಕಿಸಿದ್ದಾಳೆ. ಮಕ್ಕಳ ಕೈಗೆ ಸಿಗುವುದಿಲ್ಲ, ದೊಡ್ಡವರ ಕಣ್ಣಿಗೆ ಕಾಣುತ್ತದೆ. ಅಜ್ಜ ದಿನಾ ಹಾಲು ತರಲು ಹೋಗುವಾಗ ಒಮ್ಮೆ ಬಗ್ಗಿ ನೋಡಿ ಹೋಗುತ್ತಾರೆ.

ನೀವೂ ಬಾಡಿಗೆಗೆ ಮನೆ ಕೊಟ್ಟವರಾಗಿದ್ದರೆ ಈ ವಾರವೇ ಮೂರು ಕೆಲಸ ಮಾಡಿ. ಎಲ್ಲ ಮೀಟರುಗಳ ಫೋಟೋ ತೆಗೆದು ಆಯಾ ಬಾಡಿಗೆದಾರರಿಗೆ ವಾಟ್ಸಾಪ್‌ನಲ್ಲಿ ಕಳಿಸಿ. ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಕರೆಸಿ ಮನೆ ಮನೆಯ ನ್ಯೂಟ್ರಲ್ ಬೇರೆ ಇದೆಯಾ ನೋಡಿಸಿ. ಮೋಟರು ಯಾರ ಮೀಟರಿನಲ್ಲಿ ಓಡುತ್ತಿದೆ ಅಂತ ತಿಳಿದುಕೊಳ್ಳಿ. ಬಾಡಿಗೆಗೆ ಇರುವವರಾಗಿದ್ದರೆ, ಬಿಲ್ಲು ಹಿಡಿದು ಸಿಟ್ಟಿನಿಂದ ಬರುವ ಮುಂಚೆ ಒಮ್ಮೆ ಮೀಟರಿನ ಮುಂದೆ ನಿಂತು ಬನ್ನಿ. ಆಮೇಲೆ ಧೈರ್ಯವಾಗಿ ಬಾಗಿಲು ಬಡಿಯಿರಿ, ಅದು ನಿಮ್ಮ ಹಕ್ಕು.